ಸುವರ್ಣಕ್ಕನ ಕುರ್ಚಿ ಯಾವ ದಿಕ್ಕಿಗೆ?

ನಮ್ಮಕ್ಕ ಸುವರ್ಣಮ್ಮ ಯಾವ ವರ್ಷ ಹುಟ್ಟಿದಳು ಎಂದು ಕೇಳಲು ಭಾವ ಉಜ್ಜಿನಪ್ಪ ಒಂದೇ ವಾರದಲ್ಲಿ ನನಗೆ ಒಂಬತ್ತು ಸಲ ಫೋನ್ ಮಾಡಿದರು. ಮದುವೆಯಾಗಿ ನಲವತ್ತೊಂದು ವರ್ಷ ಇದನ್ನು ಕೇಳದವರಿಗೆ ಈಗೇಕೆ ಈ ಅವಸರ ಎಂದು ನನಗೆ ಗಾಬರಿಯಾಯಿತು. ಏನಾದರೂ ಕಾಯಿಲೆಯೋ, ಆಪರೇಷನ್ನೋ ಎಂದುಕೊಂಡೆ. ಒಂಬತ್ತನೆಯ ಫೋನಿನಲ್ಲಿ ವಿಷಯ ಹೊರಬಿತ್ತು.

"ಊಟದ ಕೋಣಿ ಚೀನಾದ ವಾಸ್ತು, ಫೆಂಗ್ ಶೂಯಿ ಪ್ರಕಾರ ಮಾಡ್ಸೀನಿ, ಜಂಬಕ್ಕ. ಹುಟ್ಟಿದ ವರ್ಷ ಗೊತ್ತಾಗೋತನಕ ಆಕಿ ಕುರ್ಚಿ ಇಡಾಕ ಬರಂಗಿಲ್ಲ."

ನಾನು ಹೊಸಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಭಾನುವಾರವೆಂದರೆ ನನಗೆ ಉಸಿರಾಡಲು ಪುರುಸೊತ್ತಿಲ್ಲ. ಆದರೂ ಅಂಗಡಿಗೆ ಬೀಗ ಜಡಿದು ಕಂಪ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟು ಏರುತ್ತಲೇ ಇತ್ತು. ಯಾಕೆಂದರೆ ಆ ಮನೆಗೆ ಊಟದ ಮೇಜು ಬಂದದ್ದೇ ಅಕ್ಕನಿಗಾಗಿ.

ಅಕ್ಕ ಕಮಲಾಪುರದ ನಮ್ಮ ಬಾಳೆ ತೋಟದಲ್ಲಿ ಗೊನೆ ಹೊತ್ತು ಬೆಳೆದವಳು. ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಹಾಗಾಗಿ ಹುಟ್ಟಿದ ತಾರೀಖನ್ನು ಯಾರೂ ಎಲ್ಲೂ ಬರೆಸಲಿಲ್ಲ. ಹತ್ತೊಂಬತ್ತೋ ಇಪ್ಪತ್ತೋ ಇದ್ದಾಗ ಕಂಪ್ಲಿಯ ರೈಸ್ ಮಿಲ್ಲಿನ ಮನೆಗೆ ಸೊಸೆಯಾಗಿ ಹೋದಳು. ಸುಗ್ಗಿ ಬಂತೆಂದರೆ ಹಮಾಲರು, ಲಾರಿ ಡ್ರೈವರುಗಳು, ಭತ್ತ ತಂದ ರೈತರು, ಅವರ ಜೊತೆಗೆ ನೆಂಟರು. ನೆಲದ ಮೇಲೆ ಮೂವತ್ತು ನಲವತ್ತು ಜನರ ಸಾಲು. ಆ ಸಾಲಿನುದ್ದಕ್ಕೂ ಅವಳು ಬಗ್ಗಿ ಬಗ್ಗಿ ಬಡಿಸಬೇಕು. ಎಲ್ಲರೂ ಕೈತೊಳೆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ತಾನೊಬ್ಬಳೇ ಉಂಡು, ತಾಟು ತೊಳೆದ ನೀರನ್ನೂ ಕುಡಿದು ಏಳುತ್ತಿದ್ದಳು. ಒಂದು ಅಗಳು ಚೆಲ್ಲಿದವಳಲ್ಲ. ಒಂದು ಮಾತು ಆಡಿದವಳೂ ಅಲ್ಲ, ನನಗೆ ಆಗದಿರುವುದು ಅದೇ.

ಎರಡು ವರ್ಷದ ಹಿಂದೆ ಅವಳ ಮೊಣಕಾಲು ಕೈಕೊಟ್ಟವು. ನೆಲದ ಮೇಲೆ ಕೂರಲೇಬೇಡಿ ಎಂದರು ಡಾಕ್ಟರು. ಅಂದಿನಿಂದ ಒಲೆಯ ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ನಿಂತೇ ಉಣ್ಣತೊಡಗಿದಳು. ಮಗ ಹಾಲೇಶ್ ಒಂದು ದಿನ ಅದನ್ನು ನೋಡಿ, ಅವ್ವನಿಗೆ ಕೂತು ಉಣ್ಣಲು ಮೇಜು ತರೋಣ ಎಂದ. ಮನೆಯಲ್ಲಿ ಎಲ್ಲರೂ ಹೂಂ ಎಂದರು.

ಅಷ್ಟರಲ್ಲಿ ಭಾವ ಸಂಡೂರಿಗೆ ಹೋಗಿ ಬಂದರು. ಅಲ್ಲಿ ಅದಿರು ಲಾರಿಗಳ ಮಾಲೀಕ ಮೈಲಾರಲಿಂಗಪ್ಪನವರ ಹೊಸ ಮನೆಯ ಊಟದ ಕೋಣೆ ನೋಡಿದರು. ಆ ಕೋಣೆ ಹಾಗೆ ಮಾಡಿಸಿದ ಮೇಲೆಯೇ ತಮ್ಮ ದೆಸೆ ತಿರುಗಿತು ಎಂದು ಅವರು ಹೇಳಿದ್ದೇ ತಡ, ಭಾವನ ತಲೆಯೂ ತಿರುಗಿತು. ವಿಜಯಕುಮಾರ್ ಎಂಬ ಫೆಂಗ್ ಶೂಯಿ ಪಂಡಿತರು ದಿಕ್ಸೂಚಿ ಹಿಡಿದು ಕಂಪ್ಲಿಗೆ ಬಂದಿಳಿದರು.

ಅವರು ಮಾಡಿಟ್ಟು ಹೋದದ್ದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ. ಗೋಡೆಯ ಗಡಿಯಾರ ಇಲ್ಲ. ಊಟದ ಕೋಣೆಯಲ್ಲಿ ಹೊತ್ತು ಕಾಣಬಾರದಂತೆ. ಭಾವನ ತಂದೆಯ ಫೋಟೋ ಹೊರಗಿನ ಪಡಸಾಲೆಗೆ ಹೋಗಿದೆ. ನಡುವೆ ದುಂಡು ಮೇಜು, ಅದರ ಮೇಲೆ ಒಂಬತ್ತು ಪ್ಲಾಸ್ಟಿಕ್ ಕಿತ್ತಳೆ. ಎದುರಿಗೆ ಆಳೆತ್ತರದ ಕನ್ನಡಿ. ಮೇಜಿನ ಮೇಲಿನ ಅನ್ನ ಅದರಲ್ಲಿ ಎರಡರಷ್ಟು ಕಂಡರೆ ಮನೆಯ ಭಾಗ್ಯವೂ ಎರಡರಷ್ಟಾಗುತ್ತದಂತೆ. ಸೊರ್ ಎಂದು ಸಾರು ಎಳೆಯುವ ಒಬ್ಬ ಭಾವನನ್ನು ನೋಡುವುದೇ ನನಗೆ ಸಾಕಾಗಿತ್ತು, ಈಗ ಕನ್ನಡಿಯಲ್ಲಿ ಇನ್ನೊಬ್ಬರು. ಮೇಜಿನ ಸುತ್ತ ಕುರ್ಚಿಗಳು ನಾಲ್ಕೇ ಇದ್ದವು.

"ಮನ್ಯಾಗ ಐದು ಮಂದಿ, ಕುರ್ಚಿ ನಾಕು. ಏನ್ ಲೆಕ್ಕ ಭಾವ ಇದು?" ಎಂದೆ.

"ಐದು ಬೆಸ ಸಂಖ್ಯಾ ಆತು, ಅದು ಬರಂಗಿಲ್ಲ. ಆರು ಇಟ್ರ ಬಾಗ್ಲಿಂದ ಶಕ್ತಿ ಒಳಗ ಬರಾಕ ಜಾಗ ಇಲ್ಲ," ಎಂದರು ಭಾವ, ದೊಡ್ಡ ಕುರ್ಚಿಯಲ್ಲಿ ಕೂತು. ಅದು ಗೋಡೆಗೆ ಬೆನ್ನು ಮಾಡಿ, ವಾಯವ್ಯಕ್ಕೆ ಮುಖ ಮಾಡಿತ್ತು. ಹುಟ್ಟಿದ ವರ್ಷದಿಂದ ಒಂದು ಸಂಖ್ಯೆ ಬರುತ್ತದೆ, ಆ ಸಂಖ್ಯೆಯಿಂದ ಒಬ್ಬೊಬ್ಬರ ದಿಕ್ಕು ಬರುತ್ತದೆ ಎಂದು ವಿವರಿಸಿದರು. ಭಾವನಿಗೆ, ಹಾಲೇಶನಿಗೆ, ಸೊಸೆ ಪೂಜಿತಾಳಿಗೆ, ಎಂಟು ವರ್ಷದ ಮೊಮ್ಮಗಳು ಪಲ್ಲವಿಗೆ ದಿಕ್ಕು ಸಿಕ್ಕಿದ್ದವು. ಅಕ್ಕನಿಗೆ ಆಧಾರ್ ಕಾರ್ಡಿನಲ್ಲಿ ಒಂದು ವರ್ಷ, ವೋಟರ್ ಕಾರ್ಡಿನಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಮೂರು ವರ್ಷಕ್ಕೆ ಮೂರು ದಿಕ್ಕು, ಅದರಲ್ಲಿ ಒಂದು ನೇರ ಬಚ್ಚಲಿಗೆ. ದಿಕ್ಕು ತಪ್ಪಿ ಕೂತರೆ ಮನೆಗೇ ಕೇಡು ಎಂದು ಪಂಡಿತರು ಹೇಳಿದ್ದರಿಂದ ಅಕ್ಕನನ್ನು ಕೂರಿಸದಿರುವುದೇ ಕ್ಷೇಮವೆಂದು ತೀರ್ಮಾನವಾಗಿತ್ತು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಿದ್ದಳು.

"ಇರ್ಲಿ ಬಿಡ ಜಂಬೀ. ಹೆಂಗೂ ಬಡಸಾಕ ಒಬ್ರು ಬೇಕಲ್ಲ. ನಿಂತು ಉಂಡ್ರ ಹೊಟ್ಟಿ ತುಂಬಂಗಿಲ್ಲೇನು?"

ಭಾವನ ಮೇಲಿದ್ದ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. "ಬಾಯಿ ಮುಚ್ಕೊಂಡಿರು ನೀನು!" ಎಂದು ಗದರಿದೆ. ಗದರಿದ ಮೇಲೆ ಒಂದು ಮಾತು ನನ್ನನ್ನೇ ಚುಚ್ಚಿತು. ಒಡಹುಟ್ಟಿದ ನನಗೂ ಅವಳ ವಯಸ್ಸು ಗೊತ್ತಿರಲಿಲ್ಲ. ನಾನೂ ಯಾವತ್ತೂ ಕೇಳಿದವಳಲ್ಲ.

ನೀರು ಕುಡಿಯುವ ನೆಪ ಮಾಡಿ ಪೂಜಿತಾಳನ್ನು ಅಡುಗೆಮನೆಗೆ ಕರೆದೆ. ದಿಕ್ಕಿನ ಲೆಕ್ಕ ಹಾಕುವ ಆ್ಯಪ್ ಅವಳ ಫೋನಿನಲ್ಲೇ ಇತ್ತು. "ಒಂದೊಂದ ವರ್ಷ ಹಾಕ್ಕೊಂತ ಬಾ," ಎಂದೆ. ಸಾವಿರದ ಒಂಬೈನೂರ ಅರವತ್ತೆರಡು ಹಾಕಿದಳು, ಬರಲಿಲ್ಲ. ಅರವತ್ತಮೂರು, ಅರವತ್ತನಾಲ್ಕು, ಯಾವುದೂ ನನಗೆ ಬೇಕಾದ ದಿಕ್ಕಲ್ಲ. ಅರವತ್ತೈದು ಹಾಕಿದ ಕೂಡಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಚಿಕ್ಕತ್ತಿ, ಇದು ಮಾವಾರ ದಿಕ್ಕು!"

ನಾನು ಹೊರಗೆ ಬಂದು ನೆಟ್ಟಗೆ ನಿಂತೆ. "ಭಾವ, ಈಗ ನೆಪ್ಪಾತು. ನಮ್ಮವ್ವ ಹೇಳ್ತಿದ್ಲು, ಅರವತ್ತೈದರಾಗ ಕಾರಹುಣ್ಣಿಮಿ ಮರುದಿನ." ಹಸಿ ಸುಳ್ಳು. ಹೇಳುವಾಗ ರೆಪ್ಪೆ ಕೂಡ ಅಲುಗಲಿಲ್ಲ.

ಭಾವ ಸಂತೋಷದಿಂದ ಪಂಡಿತರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆ ಲೆಕ್ಕ ನಡೆಯಿತು.

"ಭಾಳ ಚಲೋ ಬಂದೈತ್ರಿ. ಮೇಡಂ ಅವರ್ದೂ ನಿಮ್ಮದೇ ಸಂಖ್ಯಾ, ವಾಯವ್ಯ. ನಿಮ್ಮ ಕುರ್ಚಿನೇ ಅವರ್ದು."

"ಒಂದ ಕುರ್ಚ್ಯಾಗ ಇಬ್ರು ಹೆಂಗ ಕುಂದ್ರಾಕ ಬರ್ತದ್ರಿ?"

"ಅದು ನೀವು ಮನ್ಯಾಗ ಹೊಂದಿಸ್ಕೋರಿ. ಆದ್ರ ಕುರ್ಚಿ ನಾಕ ಇರ್ಬೇಕು ನೋಡ್ರಿ, ಐದು ಮಾಡಬ್ಯಾಡ್ರಿ," ಎಂದು ಪಂಡಿತರು ಫೋನ್ ಇಟ್ಟರು.

ಭಾವ ಹಾಲೇಶನ ಮುಖ ನೋಡಿದರು. ಅವನು ಕಿತ್ತಳೆ ಎಣಿಸುತ್ತಿದ್ದ. ಪೂಜಿತಾಳ ಮುಖ ನೋಡಿದರು. ಅವಳು ಮಗಳ ಜಡೆ ಸರಿಮಾಡುತ್ತಿದ್ದಳು. "ಕೇಡು ಬ್ಯಾಡ ಭಾವ, ಜಲ್ದಿ ಏಳ್ರಿ," ಎಂದೆ. ಅವರು ಎದ್ದರು. ನಾನು ಅಕ್ಕನ ರಟ್ಟೆ ಹಿಡಿದು ಎಳೆತಂದು ಆ ಕುರ್ಚಿಯಲ್ಲಿ ಕೂರಿಸಿದೆ. ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತವಳ ಹಾಗೆ ಅಂಚಿಗೆ ಕೂತಳು. ಉಪ್ಪು ಎಂದರೆ ಏಳುತ್ತಾಳೆ, ನೀರು ಎಂದರೆ ಏಳುತ್ತಾಳೆ. ಮೂರು ಸಲ ಭುಜ ಒತ್ತಿ ಕೂರಿಸಿದೆ.

"ಹಂಗಾದ್ರ ನಾನು?" ಎಂದರು ಭಾವ.

"ಬಡಸಾಕ ಒಬ್ರು ಬೇಕಲ್ರಿ," ಎಂದು ನಾನು ಒಲೆಯ ಮುಂದೆ ಹೋಗಿ ಹಿಟ್ಟು ನಾದಿದೆ. ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಿದೆ. ಅದು ಉಬ್ಬಿದ ಕೂಡಲೇ ಭಾವನ ಕೈಗಿಟ್ಟೆ. ಅವರು ಬೆರಳು ಸುಟ್ಟುಕೊಂಡು ಉಫ್ ಉಫ್ ಎನ್ನುತ್ತ ಓಡಿ ಅಕ್ಕನ ತಾಟಿಗೆ ಹಾಕಿದರು.

ಅಕ್ಕ ಒಂದು ತುತ್ತು ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಜಂಬೀ, ಇದು ಯಾವ ಹಿಟ್ಟು? ಹೊಸಪ್ಯಾಟಿಯಿಂದ ತಂದೇನು?"

"ನಿನ್ನ ಡಬ್ಬ್ಯಾಂದ."

"ಸುಳ್ಳು ಹೇಳಬ್ಯಾಡ. ಇದು ಭಾಳ ಮೆತ್ತಗೈತಿ. ನಮ್ಮ ಹಿಟ್ಟಿನ ರೊಟ್ಟಿ ಹಿಂಗ ಇರಂಗಿಲ್ಲ."

ಪಲ್ಲವಿ, "ಅಜ್ಜಿ, ನೀ ಮಾಡೂದು ದಿನಾ ಹಿಂಗ ಇರ್ತದಲ್ಲ," ಎಂದಳು. ಅಕ್ಕ ಮೊಮ್ಮಗಳನ್ನು ನೋಡಿದಳು, ತಾಟು ನೋಡಿದಳು. ನಲವತ್ತೊಂದು ವರ್ಷ ಹಂಚಿನಿಂದ ತೆಗೆದದ್ದನ್ನು ತೆಗೆದಹಾಗೆಯೇ ಎಲ್ಲರಿಗೂ ಬಡಿಸಿದವಳು, ರೊಟ್ಟಿ ಆರಿ ಗಟ್ಟಿಯಾದ ಮೇಲೆಯೇ ತಾನು ಉಂಡಿದ್ದಳು.

"ಇನ್ನೊಂದು ತರ್ಲೇನು?" ಎಂದರು ಭಾವ.

"ಬ್ಯಾಡ್ರಿ, ಮೊದ್ಲು ನಿಮ್ದು ಊಟ ಆಗ್ಲಿ," ಎನ್ನುತ್ತ ಅಕ್ಕ ಮೇಜಿಗೆ ಕೈಯೂರಿ ಏಳಲು ಹೋದಳು. ನಾನು ಹಿಟ್ಟಿನ ಕೈಯಲ್ಲೇ ಬೈಯಲು ಬಾಯಿ ತೆರೆದೆ.

"ಕುಂದ್ರು, ಸುವರ್ಣಾ," ಎಂದರು ಭಾವ ಮೆಲ್ಲಗೆ. ಈ ಸಲ ಕೈ ಸುಡದಂತೆ ಖಾಲಿ ತಾಟು ಹಿಡಿದು ಒಲೆಯ ಹತ್ತಿರ ಬಂದು ನಿಂತರು. ನಾನು ಎರಡನೆಯ ರೊಟ್ಟಿ ಹಂಚಿಗೆ ಹಾಕಿದೆ.