ಕರ್ತೃ ತಿಳಿಯದು

ನಾನು ಒಂದು ಹಾಡು ಕದ್ದವನು. ಯಾರಾದರೂ ಕೋರ್ಟಿಗೆ ಎಳೆದಿದ್ದರೆ ನಿರ್ದೋಷಿ ಎನಿಸಿಕೊಂಡು ಹೊರಗೆ ಬರುತ್ತಿದ್ದೆ. ಅದೇ ನನಗೆ ಹೆಚ್ಚು ಸಂಕಟ.

ಹಾಡು ನನ್ನ ಚಿಗವ್ವನದು, ಅಂದರೆ ತಾಯಿಯ ತಂಗಿಯದು. ಹುಬ್ಬಳ್ಳಿಯ ಕಾಳಿನ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವಳು. ಹೈಸ್ಕೂಲು ಕಲಿಯುವಾಗ ನಾನು ಆ ಮನೆಯಲ್ಲೇ ಉಂಡು ಮಲಗುತ್ತಿದ್ದೆ. ಅವಳಿಗೆ ಒಬ್ಬ ಮಗ, ಅವನ ಬೆನ್ನಿಗೆ ಒಬ್ಬಳು ಮಗಳು. ಆ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಓಣಿ ತುಂಬ ತಿರುಗಿದವನು ನಾನೇ. ಎರಡು ವರ್ಷ ತುಂಬಿದ ಮೇಲೆ ಮೂರೇ ದಿನದ ಜ್ವರದಲ್ಲಿ ಕೂಸು ಹೋಯಿತು.

ಹೋದ ಮೇಲೆ ಅದರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಚಿಗವ್ವನ ಅತ್ತೆ ಕಟ್ಟು ಮಾಡಿದಳು. “ಸತ್ತ ಕೂಸಿನ ಹೆಸರು ಕೂಗಿದರ ಇದ್ದ ಕೂಸಿಗೆ ಛಲೋ ಅಲ್ಲ” ಎಂದಳು. ಚಿಗವ್ವ ಎದುರಾಡಲಿಲ್ಲ. ಆದರೆ ಕೆಲವು ದಿನ ಕಳೆದ ಮೇಲೆ, ನಸುಕಿನಲ್ಲಿ ಜೋಳ ಬೀಸುವಾಗ, ನಾವು ಯಾರೂ ಹಿಂದೆ ಕೇಳಿರದ ಒಂದು ಹಾಡು ಅವಳ ಬಾಯಲ್ಲಿ ಬಂತು.

ಜ್ವಾಳ ಬೀಸೂತನಕ ಬಾಗಿಲದಾಗ ಕುಂತಿದ್ದಿ
ಹಿಟ್ಟಾದ ಮ್ಯಾಲ ಎಲ್ಲಿ ಹ್ವಾದಿ, ರೊಟ್ಟಿ ಆರತೈತಿ
ಬಾರವ್ವ ನನ್ನ...

ಇಲ್ಲಿ ಕೂಸಿನ ಹೆಸರು. ಅದನ್ನು ನಾನು ಬರೆಯುತ್ತಿಲ್ಲ. ಅಚ್ಚಿಗೆ ಹೋಗುವ ಕಾಗದದ ಮೇಲೆ ಆ ಹೆಸರಿಗೆ ಮತ್ತೊಮ್ಮೆ ಕೈ ಹಚ್ಚುವ ಧೈರ್ಯ ನನಗಿಲ್ಲ. ಬೀಸುವ ಹಾಡಿಗೆ ಯಾವ ಅತ್ತೆಯೂ ತಡೆ ಹಾಕುವುದಿಲ್ಲ. ಹಾಡಿನಲ್ಲಿ ಬಂದದ್ದಕ್ಕೆ ದೋಷವಿಲ್ಲ ಎಂಬುದು ನಮ್ಮ ಹೆಂಗಸರ ನಂಬಿಕೆ. ಕೂಸಿನ ಫೋಟೋ ಇರಲಿಲ್ಲ, ಹೂತ ಜಾಗಕ್ಕೆ ಗುರುತಿರಲಿಲ್ಲ. ದಿನಕ್ಕೆ ಒಂದು ಸಲ, ಕಲ್ಲಿನ ಮುಂದೆ, ತಾಯಿ ಮಗಳನ್ನು ಕರೆಯಬಹುದಾಗಿತ್ತು. ಅವಳಿಗೆ ಉಳಿದದ್ದು ಅಷ್ಟೇ.

ನಾನು ಕಲಿತು ಧಾರವಾಡದಲ್ಲಿ ಮಾಸ್ತರನಾದೆ. ಸಪ್ತಾಪುರದಲ್ಲಿ ಒಂದು ಬಾಡಿಗೆಯ ಖೋಲಿ, ಒಂದು ಟ್ರಂಕು, ತಲೆ ತುಂಬ ಕನ್ನಡದ ಹುಚ್ಚು. ಆಗ ನಮ್ಮಂಥ ಹುಡುಗರಿಗೆ ಹಳ್ಳಿಯ ಹಾಡು ಕೂಡಿಸುವ ಗೀಳು ಹಿಡಿದಿತ್ತು. ರವಿವಾರ ಬಂತೆಂದರೆ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗಿ, ಕೆಲಸದ ಹೆಂಗಸರನ್ನು ಕಾಡಿಸಿ, ಬೈಸಿಕೊಂಡು ಬರೆದುಕೊಂಡು ಬರುತ್ತಿದ್ದೆವು. ಊರಿನ ಹಿರಿಯ ವಿದ್ವಾಂಸರೊಬ್ಬರು ಅವನ್ನೆಲ್ಲ ಪುಸ್ತಕ ಮಾಡುವವರಿದ್ದರು. ಅವರದು ಒಂದೇ ಕಟ್ಟಪ್ಪಣೆ: ಕಟ್ಟಿದವರು ಇಂಥವರೆಂದು ಗೊತ್ತಾದ ಹಾಡು ಬೇಡ. ಗೊತ್ತಿಲ್ಲದಿದ್ದರೇ ಅದು ಜನರ ಹಾಡು.

ಚಿಗವ್ವನ ಹಾಡು ನನ್ನ ವಹಿಯಲ್ಲಿ ಎಲ್ಲಕ್ಕಿಂತ ಮೇಲಾದದ್ದು. ಬಿಡಲು ಮನಸ್ಸಾಗಲಿಲ್ಲ. ಹುಬ್ಬಳ್ಳಿಗೆ ಹೋದಾಗ ಒಮ್ಮೆ ಕೇಳಿದೆ: “ಚಿಗವ್ವ, ಈ ಹಾಡು ನೀನ ಕಟ್ಟಿದ್ದಲ್ಲ?”

ಅವಳು ನಾಚಿಕೊಂಡಳು. “ನಾ ಎಲ್ಲಿ ಕಟ್ಟಲೆಪಾ, ಬಾಯಾಗ ಬಂತು” ಎಂದಳು.

‘ನಾನು ಕಟ್ಟಿದೆ’ ಎಂದು ಹೇಳಿಕೊಳ್ಳುವುದು ಆ ಮನೆಗಳಲ್ಲಿ ಸೊಕ್ಕಿನ ಮಾತು. ಅಡಿಗೆ ಚೆನ್ನಾಗಿದೆ ಎಂದರೂ ‘ಒಲಿ ಛಲೋ ಹತ್ತಿತ್ತು’ ಎನ್ನುವ ಹೆಂಗಸು ಅವಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಸಾಕ್ಷಿಯಾಗಿ ಹಿಡಿದುಕೊಂಡು ಹಾಡಿನ ಕೆಳಗೆ ‘ಬಹಳ ಹಳೆಯದು, ಕರ್ತೃ ತಿಳಿಯದು’ ಎಂದು ಬರೆದುಬಿಟ್ಟೆ.

ಹಿರಿಯರು ಓದಿ ತಲೆದೂಗಿದರು. “ಭಾಳ ಛಲೋ ಅದ. ಆದರ ಜನರ ಹಾಡಿನಾಗ ಒಂದು ಮನಿ ಕೂಸಿನ ಹೆಸರು ಯಾಕ? ಅದನ್ನ ತಗೀರಿ.”

ನಾನು ಪೆನ್ಸಿಲು ತೆಗೆದು ಹೆಸರು ಹೊಡೆದು ‘ಕಂದಮ್ಮ’ ಎಂದು ಬರೆದೆ. ಪುಸ್ತಕ ಬಂತು. ಮೊದಲ ಪುಟದ ಹಿಂದೆ ‘ಎಲ್ಲ ಹಕ್ಕುಗಳೂ ಸಂಗ್ರಾಹಕರವು’ ಎಂದಿತ್ತು. ಅದನ್ನು ಓದಿ ನನ್ನ ಎದೆ ಉಬ್ಬಿತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಚಿಗವ್ವನಿಗೆ ಓದಲು ಬರುತ್ತಿರಲಿಲ್ಲ. ಒಂದು ಪ್ರತಿಯನ್ನೂ ನಾನು ಆ ಮನೆಗೆ ಒಯ್ಯಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ.

ಮುಂದೆ ಯಾರೋ ಒಬ್ಬ ಪ್ರಕಾಶಕ ನಮ್ಮ ಪುಸ್ತಕದಿಂದ ಹತ್ತಾರು ಹಾಡು ಎತ್ತಿ ಹೆಣ್ಣುಮಕ್ಕಳ ಸಾಲೆಯ ವಾಚನ ಪುಸ್ತಕಕ್ಕೆ ಹಾಕಿಕೊಂಡ. ಚಿಗವ್ವನ ಹಾಡೂ ಅದರಲ್ಲಿತ್ತು. ವಿಷಯ ಹಿರಿಯರ ಕಿವಿಗೆ ಬೀಳುವ ಹೊತ್ತಿಗೆ ಕೆಲವು ವರ್ಷವೇ ಕಳೆದಿತ್ತು. ಅವರು ಬೆಂಕಿಯಾದರು. ನೋಟೀಸು ಕೊಡಿಸಲು ನನ್ನನ್ನೇ ಹುಬ್ಬಳ್ಳಿಯ ವಕೀಲರ ಬಳಿಗೆ ಕಳಿಸಿದರು. ‘ನಮ್ಮ ಹಾಡುಗಳನ್ನು ಕದ್ದಿದ್ದಾರೆ’ ಎಂದು ನಾನು ಬರೆದುಕೊಂಡು ಹೋಗಿದ್ದೆ.

ವಕೀಲರು ಕಾಗದ ಓದಿ ಕನ್ನಡಕ ತೆಗೆದರು. “ಇವನ್ನ ಕಟ್ಟಿದವರು ಯಾರ್ರಿ?”

“ತಿಳಿಯದು.”

“ಹಂಗಾದರ ಕಳಕೊಂಡವರು ಯಾರು?”

ಅವರು ಮರುಕದಿಂದಲೇ ತಿಳಿಸಿ ಹೇಳಿದರು. ಕೂಡಿಸಿ ಅಚ್ಚು ಹಾಕಿಸಿದವರಿಗೆ ಪುಸ್ತಕದ ಮೇಲೆ ಒಂದು ಹಕ್ಕು ಇರಬಹುದು, ವಾದಿಸಿ ನೋಡಬಹುದು. ಬರೆದಿಡದ ಹಾಡು ಬಾಯಿಂದ ಬಾಯಿಗೆ ಹೋದರೆ ಕಾಯಿದೆ ಅದರ ಹಿಂದೆ ಓಡುವುದಿಲ್ಲ. “ನೀವು ಕದ್ದಿಲ್ಲ, ಅವರೂ ಕದ್ದಿಲ್ಲ. ಬೇವಾರಸಿ ಮಾಲು ಅದು” ಎಂದು ನಕ್ಕರು.

ಅಲ್ಲಿಂದ ಚಿಗವ್ವನ ಮನೆಯವರೆಗೆ ನಡೆಯುತ್ತ ಹೋದೆ. ದುಡಿದವನಿಗೆ ಬೆಳೆ ಎಂಬ ನ್ಯಾಯವನ್ನು ನಾನು ಸಾಲೆಯಲ್ಲಿ ದೊಡ್ಡ ದನಿಯಲ್ಲಿ ಕಲಿಸುತ್ತಿದ್ದೆ. ಹಾಡು ಹೊಳೆಯಂತೆ, ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಬೇಕೇ ಎಂದು ಭಾಷಣವನ್ನೂ ಮಾಡುತ್ತಿದ್ದೆ. ಎರಡೂ ಖರೆ. ಅವಳ ಹಾಡನ್ನು ಊರೆಲ್ಲ ಹಾಡಿದರೆ ಅವಳಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ನಾನು ಹಾಡು ಒಯ್ದದ್ದು ತಪ್ಪಲ್ಲ, ಅದರೊಳಗಿನ ಕೂಸನ್ನು ಹೊರಗೆ ಹಾಕಿ ಒಯ್ದದ್ದು ತಪ್ಪು. ಯಾವ ಕಾಯಿದೆಯಲ್ಲಿ ಇದಕ್ಕೆ ಕಲಮು ಇದೆಯೋ ನಾನರಿಯೆ.

ಆ ರಾತ್ರಿ ಅಲ್ಲೇ ಉಳಿದೆ. ನಸುಕಿನಲ್ಲಿ ಬೀಸುಕಲ್ಲಿನ ಸದ್ದಿಗೆ ಎಚ್ಚರವಾಯಿತು. ಮಗನಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಸೊಸೆ ಸಾಲೆ ಕಲಿತ ಹುಡುಗಿ. ಅತ್ತೆ ಒಂದು ಬದಿ, ಸೊಸೆ ಒಂದು ಬದಿ, ಹಿಡಿದು ತಿರುಗಿಸುವ ಗೂಟ ಒಂದೇ. ಹಾಗೆ ಬೀಸುವಾಗ ಇಬ್ಬರ ಹಾಡೂ ಒಂದೇ ಆಗಬೇಕು. ಇಲ್ಲದಿದ್ದರೆ ಕೈ ತಪ್ಪುತ್ತದೆ, ಕಲ್ಲು ಎಳೆದಾಡುತ್ತದೆ. ಇಬ್ಬರೂ ಕೂಡಿ ಹಾಡುತ್ತಿದ್ದರು: ಬಾರವ್ವ ನನ್ನ ಕಂದಮ್ಮ.

ನಾನು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದೆ. “ಚಿಗವ್ವ, ಹಾಡು ಹಂಗಿರಲಿಲ್ಲಲ್ಲ?”

ಸೊಸೆಯೇ ಉತ್ತರ ಕೊಟ್ಟಳು, ಸ್ವಲ್ಪ ಹೆಮ್ಮೆಯಿಂದ: “ಅತ್ತಿ ಮೊದಲ ತಪ್ಪು ಹಾಡತಿದ್ದರ್ರಿ. ನಮ್ಮ ಸಾಲಿ ಪುಸ್ತಕದಾಗ ಇದ ಐತಿ. ನಾನ ತಿದ್ದಿದೆ.”

ಚಿಗವ್ವ ಕಲ್ಲು ನಿಲ್ಲಿಸಿದಳು. “ಹೌದಪಾ. ಭಾಳ ಹಳೇ ಹಾಡಂತ ಅದರಾಗ ಬರದಾರಂತ. ಸಣ್ಣಾಕಿದ್ದಾಗ ನಾ ಎಲ್ಲ್ಯೋ ಕೇಳಿರಬೇಕು. ನಡುವ ಅಕಿ ಹೆಸರು ಸೇರಿಸಿಕೊಂಡಿದ್ದೆ ಏನೋ. ಇಷ್ಟ ವರ್ಷ ನಂದು ಅಂತ ತಿಳಕೊಂಡಿದ್ದೆ, ನೋಡು ಹುಚ್ಚಿ.”

ನಾನು ಹೊಸ್ತಿಲಲ್ಲೇ ಕುಳಿತು ಎಲ್ಲವನ್ನೂ ಹೇಳಿದೆ: ಪುಸ್ತಕಕ್ಕೆ ಕೊಟ್ಟವನು ನಾನು, ಹಳೆಯದೆಂದು ಬರೆದವನು ನಾನು, ಹೆಸರು ತೆಗೆದವನೂ ನಾನು.

ಅವಳು ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟನ್ನು ಕೈಯಿಂದ ಕೂಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನಿನ್ನ ಬಗಲಾಗ ಆಡಿದ ಕೂಸದು,” ಎಂದಳು ಕೊನೆಗೆ. “ಹೊಡದು ಹಾಕೂವಾಗ ಕೈ ನಡಗಲಿಲ್ಲೇನು?”

ನಡುಗಿರಲಿಲ್ಲ. ‘ಕಂದಮ್ಮ’ ತಾಳಕ್ಕೆ ಸರಿಯಾಗಿ ಕೂಡುತ್ತದೆಯೋ ಇಲ್ಲವೋ ಎಂದು ನಾನು ಬೆರಳು ಎಣಿಸುತ್ತಿದ್ದೆ. ಅದನ್ನೂ ಹೇಳಿದೆ.

“ಮುಂದಿನ ಪುಸ್ತಕದಾಗ ನಿನ್ನ ಹೆಸರು ಹಾಕಸ್ತೇನಿ” ಎಂದೆ.

“ನನ್ನ ಹೆಸರು ತಗೊಂಡು ಏನು ಮಾಡ್ಲಿ? ಈಕಿಗೆ ಹೇಳು. ನಾ ಹೇಳಿದರ ನಂಬೂದಿಲ್ಲ. ನೀನು ಪುಸ್ತಕ ಮಾಡಿದಾವ, ನೀ ಹೇಳಿದರ ನಂಬತಾಳ.”

ತನ್ನದು ತನ್ನದೆಂದು ತೋರಿಸಲು ಅವಳಿಗೆ ಕದ್ದವನ ಸಾಕ್ಷಿಯೇ ಬೇಕಾಗಿತ್ತು. ನಾನು ಸೊಸೆಯ ಕಡೆಗೆ ತಿರುಗಿ, ತೀರಿಹೋದ ಮಗಳ ಮೇಲೆ ಈ ಹಾಡು ಕಟ್ಟಿದವಳು ನಿನ್ನ ಅತ್ತೆ, ಪುಸ್ತಕದ್ದೇ ತಪ್ಪು ಎಂದು ಹೇಳಿದೆ. ಹುಡುಗಿ ಗೂಟ ಬಿಟ್ಟು ಅತ್ತೆಯ ಕಡೆಗೆ ತಿರುಗಿದಳು.

“ನನಗ ಯಾರೂ ಹೇಳಿರಲಿಲ್ಲರಿ” ಎಂದಳು. ಆಮೇಲೆ ಮೆಲ್ಲಗೆ, “ಕೂಸಿನ ಹೆಸರೇನ್ರಿ ಅತ್ತಿ? ಮೊದಲ ಏನು ಹಾಡತಿದ್ರಿ, ನಾ ಸರಿಯಾಗಿ ಕೇಳಲೇ ಇಲ್ಲ.”

ಚಿಗವ್ವ ಬಾಯಿ ತೆರೆದಳು. ಹಾಡಿಲ್ಲದೆ ಆ ಹೆಸರು ಹೇಳಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ನನ್ನ ಕಡೆಗೆ ನೋಡಿದಳು. ನಾನು ಹೇಳಿದೆ. ಕಟ್ಟು ಮಾಡಿದ ಚಿಗವ್ವನ ಅತ್ತೆ ಸತ್ತು ಎಷ್ಟೋ ವರ್ಷವಾಗಿದ್ದರೂ, ಕೂಸು ಹೋದ ಮೇಲೆ ಆ ಮನೆಯಲ್ಲಿ ಅದರ ಹೆಸರನ್ನು ಬರಿಯ ಮಾತಿನಲ್ಲಿ ಆಡಿದ್ದು ಅಂದೇ ಮೊದಲು.

ಬುಟ್ಟಿಯಲ್ಲಿ ಇನ್ನೂ ಜೋಳ ಉಳಿದಿತ್ತು. ಇಬ್ಬರೂ ಮತ್ತೆ ಗೂಟ ಹಿಡಿದರು, ಮೊದಲಿಂದ ಹಾಡಿದರು. ಮೂರನೆಯ ಸಾಲಿಗೆ ಬಂದಾಗ ಸೊಸೆಯ ಬಾಯಲ್ಲಿ ಕೂಸಿನ ಹೆಸರು ಬಂತು. ಚಿಗವ್ವನ ಬಾಯಲ್ಲಿ ‘ಕಂದಮ್ಮ’ ಬಂತು. ಕಲ್ಲು ತಡವರಿಸಿ ನಿಂತಿತು.

“ಇನ್ನೊಮ್ಮೆ ಹಾಡೂಣು ಬರ್ರಿ ಅತ್ತಿ” ಎಂದಳು ಹುಡುಗಿ.

ಇನ್ನೊಮ್ಮೆ ಹಾಡಿದರು. ಮತ್ತೆ ಹಾಗೆಯೇ ಆಯಿತು. ಚಿಗವ್ವ ಗೂಟದಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ನನಗ ಬರವಲ್ದು. ನೀ ಒಬ್ಬಾಕೇ ಹಾಡವಾ” ಎಂದಳು. “ನಾ ಕೇಳತೇನಿ.”