ಮಾವನ ತಲೆಗೆ ಸುತ್ತಿದ ಟವೆಲು

ಇವತ್ತು ಬೆಳಿಗ್ಗೆ ಕುಮಟೆಯ ನನ್ನ ಕೋಣೆಯಲ್ಲಿ ಹೊಸ ರೋಗಿಯೊಬ್ಬರ ತಲೆಯ ಸ್ಕ್ಯಾನ್ ತೆರೆದೆ. ಯಂತ್ರಕ್ಕೂ ನೆತ್ತಿಗೂ ಅಂತರ ಎಷ್ಟೆಂದು ಕಂಪ್ಯೂಟರ್ ಕೇಳಿತು. ದಿನಾ ಕೇಳುವ ಪ್ರಶ್ನೆಯೇ. ಆದರೂ ಬೆರಳು ಅಲ್ಲೇ ನಿಂತಿತು, ಸೋದರಮಾವ ನೆನಪಾದ.

ನನ್ನ ಕಸುಬು ಹೇಳಿದರೆ ನೀವೂ ನಗುತ್ತೀರಿ. ತಲೆಯ ಮೇಲೆ ತಾಮ್ರದ ಸುರುಳಿ ಹಿಡಿದು ಕ್ಷಣಮಾತ್ರದ ಅಯಸ್ಕಾಂತದ ಪೆಟ್ಟು ಕೊಟ್ಟರೆ ಮಿದುಳಿನೊಳಗೆ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದು ಎಲ್ಲಿ, ಎಷ್ಟು ಎಂದು ಮೊದಲೇ ಲೆಕ್ಕ ಹಾಕಿ, ಬಣ್ಣ ಬಳಿದು ತೋರಿಸುವುದು ನನ್ನ ಕೆಲಸ. ಹೊನ್ನಾವರದ ನೆಂಟರು ಇದನ್ನು ಕರೆಂಟಿನ ಕೆಲಸ ಎಂದು ತಿಳಿದು ಫ್ಯಾನ್ ರಿಪೇರಿಗೆ ಕರೆಯುತ್ತಾರೆ.

ಮಾವ ಭಟ್ಕಳ ಬಂದರಿನ ತಾಂಡೇಲ, ಅಂದರೆ ದೋಣಿ ನಡೆಸುವವನು. ಹರಿದ ಬಲೆಯನ್ನು ಸರಿಮಾಡಲು ಬೇರೆಯವರ ಕೈಗೆ ಕೊಟ್ಟವನಲ್ಲ. ಲಕ್ವ ಹೊಡೆದು ಅವನ ಬಲಗೈ ಸ್ವಾಧೀನ ತಪ್ಪಿತು. ಅಯಸ್ಕಾಂತದ ಪೆಟ್ಟು ಬಿದ್ದಾಗ ಹೆಬ್ಬೆರಳು ಒಮ್ಮೆ ಅಲುಗಿದರೆ ಮಿದುಳಿನಿಂದ ಕೈಗೆ ದಾರಿ ಉಳಿದಿದೆ, ಅಲುಗದಿದ್ದರೆ ಆಸೆ ಕಡಿಮೆ ಎಂದರು ಡಾಕ್ಟರು. ಅವನ ತಲೆಯ ಲೆಕ್ಕ ನಾನೇ ಮಾಡಿದೆ. ಪರದೆಯ ಮೇಲೆ ಕೈಯ ಜಾಗ ಕೆಂಪಗೆ ಹೊಳೆಯಿತು. ಅಷ್ಟು ಜಂಬ ನನಗೆ ಯಾವತ್ತೂ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಪೆಟ್ಟು ಕೊಟ್ಟರು. ಬೆರಳು ಸುಮ್ಮನಿತ್ತು. ಇನ್ನೂ ಜೋರು ಮಾಡಿದರು. ಊಹೂಂ.

"ಎಂತ ಆತೋ?" ಎಂದು ಮಾವ ಕೇಳಿದ. ನಾನು ಪರದೆಯ ಲೆಕ್ಕವನ್ನೇ ಮತ್ತೆ ನೋಡಿದೆ.

ಸುರುಳಿ ಹಿಡಿದಾಕೆ ಮೆಲ್ಲಗೆ, "ಸರ್, ಆ ಟವೆಲು..." ಎಂದಳು. ಆಗ ಹೊಳೆಯಿತು ನೋಡಿ. ಮಾವನ ತಲೆಗೆ ಬೆರಳು ದಪ್ಪದ ಟವೆಲಿನ ಸುತ್ತು! ಬಿಚ್ಚಿಸಲೇ ಎಂದು ಶುರುವಿನಲ್ಲೇ ಆಕೆ ಕೇಳಿದ್ದಳು. ಬಟ್ಟೆ ಅಯಸ್ಕಾಂತವನ್ನು ತಡೆಯುವುದಿಲ್ಲ, ಇರಲಿ ಎಂದಿದ್ದೆ. ತಡೆಯುವುದಿಲ್ಲ, ನಿಜ. ಆದರೆ ಸುರುಳಿ ಬೆರಳಷ್ಟು ದೂರ ಸರಿದರೆ ಬಲ ಎಷ್ಟು ಕುಗ್ಗುತ್ತದೆಂದು ಪುಟಗಟ್ಟಲೆ ಬರೆದವನೂ ನಾನೇ. ದೇವರ ಮುಂದೆ, ಹೆಣದ ಮುಂದೆ ಬಿಟ್ಟರೆ ಮಾವ ಟವೆಲು ಬಿಚ್ಚಿದ್ದನ್ನು ನಾನು ಕಂಡವನಲ್ಲ. ಬಾಯಲ್ಲಿ ಬಟ್ಟೆ ಎಂದರೂ ನನ್ನ ಕಣ್ಣಿಗೆ ಅದು ಬಟ್ಟೆಯಾಗಿರಲೇ ಇಲ್ಲ, ಅವನ ತಲೆಯೇ ಆಗಿತ್ತು. ಈಗಲೂ ಬಿಚ್ಚು ಎನ್ನಲು ನಾಲಿಗೆ ಏಳಲಿಲ್ಲ.

"ಮಾವ, ಅದೊಂದು..."

"ಅಷ್ಟೇಯಾ? ಮೊದ್ಲೇ ಹೇಳೂಕೆ ನಿಂಗೆ ಎಂತ ಆಗಿತ್ತು?" ಎಂದವನೇ ಎಡಗೈಯಿಂದ ಬಿಚ್ಚಿ ನನ್ನ ಮಡಿಲಿಗೆ ಎಸೆದ.

ಮುಂದಿನ ಪೆಟ್ಟಿಗೆ ಹೆಬ್ಬೆರಳು ಹಾರಿತು. ನನಗೆ ಅಳುವೇ ಬಂತು. "ಮಾವ, ಬೆರಳು ಅಲುಗ್ತು!" ಎಂದು ಕೂಗಿದೆ. ಅವನು ಆ ಬೆರಳನ್ನು ಇನ್ನಾರದೋ ಎಂಬಂತೆ ನೋಡಿದ. "ಅಲುಗ್ತು. ಆದ್ರೆ ನಾ ಅಲುಗ್ಸಿದ್ದಲ್ಲ, ತಮಾ" ಎಂದ.

ನನ್ನ ಬಣ್ಣಗಳು ಪೆಟ್ಟು ಬೀಳುವ ಜಾಗ ತೋರಿಸುತ್ತವೆ, ಅಲುಗಿಸುವವನನ್ನಲ್ಲ. ಅದಾದ ಮೇಲೆ ತಿಂಗಳುಗಳಿಂದ ಅವನು ಕೈಗೆ ವ್ಯಾಯಾಮ ಮಾಡುತ್ತಿದ್ದಾನೆ, ಬಲೆಯ ಗಂಟು ಮಾತ್ರ ಇನ್ನೂ ಬಿಗಿಯುತ್ತಿಲ್ಲ. ಇವತ್ತು ಕೆಲಸ ಅರ್ಧಕ್ಕೆ ಬಿಟ್ಟು ಭಟ್ಕಳದ ಬಸ್ಸು ಹತ್ತಿದೆ. ಸಂಜೆಯವರೆಗೂ ಬಲೆಯ ಇನ್ನೊಂದು ತುದಿ ಹಿಡಿದು ಅವನೆದುರು ಕೂತೆ. ಅವನು ಹಾಕಿದ ಗಂಟುಗಳೆಲ್ಲ ಜಾರಿದವು. ತಡೆಯಲಾರದೆ ಸಹಾಯಕ್ಕೆ ಕೈ ಚಾಚಿದೆ.

"ಬಿಡು" ಎಂದ ಮಾವ, ದಾರದಿಂದ ಕಣ್ಣೆತ್ತದೆ. "ಇದು ನಾ ಮಾಡೂದು."