ಯಜಮಾನರು ಕೇಳಿದ ಎಳನೀರು

ಗಂಡಸಿ ಊರಿನ ತೋಟದ ಮನೆಯೊಂದರಲ್ಲಿ ಕಾಯಿಲೆಯ ಯಜಮಾನರನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ ಮೊದಲ ದಿನವದು. ಕಿಡ್ನಿ ಕೆಟ್ಟಿದ್ದ ಅವರು ಡಯಾಲಿಸಿಸ್‌ನಿಂದ ಬೇಸತ್ತಿದ್ದರು.

"ಒಂದು ಎಳನೀರು ಕೊಡವ್ವ" ಎಂದರು. ನಮ್ಮ ಕಡೆ ರೋಗಿಗೆ ಮೊದಲು ಕೊಡುವುದೇ ಅದು. ಸಂತೋಷದಿಂದ ಕೆತ್ತಿ ಲೋಟಕ್ಕೆ ಬಗ್ಗಿಸಿದೆ.

ಅವರ ಹೆಂಡತಿ ಓಡಿಬಂದು ಲೋಟವನ್ನು ಕಿತ್ತುಕೊಂಡರು. "ಕಿಡ್ನಿ ಕೆಟ್ಟೋರು ಇದು ಕುಡುದ್ರೆ ಎದೆ ನಿಂತೋಯ್ತದೆ ಅಂತ ಡಾಕ್ಟ್ರು ಹೇಳವ್ರೆ ಕಣವ್ವ!"

ಯಜಮಾನರು ಮಾತ್ರ ಶಾಂತವಾಗಿ, "ಗೊತ್ತಿತ್ತು. ನಾನೇ ನೆಟ್ಟ ಮರದ ನೀರು ಕುಡ್ದು ಹೋಗಾನ ಅಂತಿದ್ದೆ" ಎಂದರು.

"ಹೋಗೋದು ನಿಮ್ಮಿಷ್ಟ. ಆ ಪಾಪನ ಇವಳ ಕೈಗ್ಯಾಕೆ ಅಂಟುಸ್ತೀರಿ?" ಎಂದು ಅವರ ಹೆಂಡತಿ ಅತ್ತರು. ಯಜಮಾನರು ಗೋಡೆಗೆ ಮುಖ ತಿರುಗಿಸಿದರು.

ಈಗ ಯಾರಿಗಾದರೂ ಎಳನೀರು ಕೆತ್ತುವ ಮೊದಲು ಕಿಡ್ನಿ ಸರಿಯಾಗಿದೆಯೇ ಎಂದು ವಿಚಾರಿಸುತ್ತೇನೆ. ಹೋದ ವಾರ ನಮ್ಮ ಮನೆಗೆ ಬಂದ ಬೀಗರು ಆ ಪ್ರಶ್ನೆ ಕೇಳಿ ಗಾಬರಿಯಾಗಿ, ಮಜ್ಜಿಗೆಯೇ ಸಾಕು ಎಂದರು.